ಒಂದು ತಾಸಿನ ಫೀಸು

ಶರಣಬಸಮ್ಮನಿಗೆ ಒಂದು ಚಾಳಿಯಿತ್ತು. ಮುಚ್ಚಿಟ್ಟದ್ದು ಏನೇ ಇರಲಿ, ಅದರೊಳಗೆ ಏನಿದೆ ಅಂತ ತಿಳಿಯುವ ತನಕ ಅವಳಿಗೆ ರೊಟ್ಟಿ ರುಚಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ಗೋಡೆಯ ತೂತಿನೊಳಗೆ ಕೈ ಹಾಕಿ ಚೇಳಿನಿಂದ ಕಡಿಸಿಕೊಂಡಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆಯ ಸಂದೂಕ ತೆಗೆದು ನೋಡಿ ಬೈಸಿಕೊಂಡಿದ್ದಳು. ಈಗ ನಲವತ್ತು ದಾಟಿ, ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಚಾಳಿ ಮಾತ್ರ ಹಾಗೇ ಇತ್ತು. ಅಂಥವಳ ಊರಿನಲ್ಲಿ ಹೊಲಗಳ ಲೆಕ್ಕ ಬರೆಯುವ ಪಟವಾರಿ ಗೋಪಾಲರಾಯರು ಒಂದು ಪಟ್ಟಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡತೊಡಗಿದರೆ ಅವಳು ಸುಮ್ಮನೆ ಕೂರುವುದುಂಟೆ?

ಊರು ಹುಣಸಿಗುಂಡ. ದಂಡೋತಿಯಿಂದ ಕೂಗಳತೆ ದೂರ, ಕಾಗಿಣಾ ಹೊಳೆಯ ದಂಡೆ. ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ಹೊಸ ಸರಕಾರ ಹೊಸ ಕಾನೂನು ತಂದಿತ್ತು. ಬೇರೆಯವರ ಹೊಲವನ್ನು ವರ್ಷಾನುಗಟ್ಟಲೆ ಬಿಡದೆ ಉಳುತ್ತ ಬಂದ ಕೌಲುದಾರನ ಹೆಸರು ಪಟ್ಟಿಯಲ್ಲಿ ಏರಿದರೆ, ಅವನನ್ನು ಹೊಲದ ಧಣಿ ಎಬ್ಬಿಸುವ ಹಾಗಿಲ್ಲ. ಏರದಿದ್ದರೆ ಅವನ ಪಾಡು ಧಣಿಯ ಮರ್ಜಿ. ಶರಣಬಸಮ್ಮ ಉಳುತ್ತಿದ್ದದ್ದು ಶಹಾಬಾದಿನ ಅಮೃತಪ್ಪ ಸಾವಕಾರರ ಆರೆಕರೆ ಎರೆಹೊಲ, ಊರವರ ಬಾಯಲ್ಲಿ ಬನ್ನಿಗಿಡದ ಹೊಲ. ಅದಕ್ಕೆ ಮೊದಲು ಹನ್ನೆರಡು ವರ್ಷ ಅವಳ ಗಂಡ ಉತ್ತಿದ್ದ. ಆ ಹೊಲ ಹೋದರೆ ಅವಳು ರಾವೂರದ ಕಲ್ಲುಗಣಿಗೆ ಕೂಲಿಗೆ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಅವಳು ಪಟವಾರಿಯ ಕಟ್ಟೆಗೆ ಹೋಗಿ ಕೇಳಿದಳು.

"ರಾಯರ, ಪಟ್ಟಿಯೊಳಗ ನಮ್ಮದು ಹೆಂಗ ಬರದಾರ, ಒಮ್ಮೆ ನೋಡಿ ಹೇಳ್ರಿ."

"ಸರಕಾರದ ಕಾಗದ ಅದು. ಹಂಗೆಲ್ಲಾ ತೆಗಿಯಾಕ ಬರಂಗಿಲ್ಲ." ಗೋಪಾಲರಾಯರು ಎಲೆಯಡಿಕೆ ಅಗಿಯುತ್ತ ಅತ್ತಿತ್ತ ನೋಡಿದರು. "ನೋಡಲೇಬೇಕಂದ್ರ ಚಿತ್ತಾಪುರಕ್ಕ ಹೋಗಿ ನಕಲು ತೆಗಿಸ್ಕೋ. ಇಲ್ಲಾಂದ್ರ ಒಂದು ಸೇರು ತುಪ್ಪ ತಂದಿಡು. ಕಣ್ಣಾಡಿಸಿ ಹೇಳ್ತೀನಿ."

ಊರಿನಲ್ಲಿ ಆಗಲೇ ಏಳೆಂಟು ಮನೆಯವರು ತುಪ್ಪ ಇಟ್ಟು ಬಂದಿದ್ದರು. ಎಲ್ಲರಿಗೂ "ಅದ, ಅದ, ನಿಮ್ಮ ಹೆಸರು ಅದ" ಎಂಬ ಒಂದೇ ಉತ್ತರ ಸಿಕ್ಕಿತ್ತು. ಪೆಟ್ಟಿಗೆಯ ಬೀಗ ತೆಗೆದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಶರಣಬಸಮ್ಮನಿಗೆ ಈ ವ್ಯಾಪಾರ ಸರಿಬರಲಿಲ್ಲ.

ಮೈದುನ ಸೂಗಪ್ಪನನ್ನೂ ಕೇಳಿದಳು. ಅವನು ಗಂಡನ ತಮ್ಮ, ಬೇರೆ ಮನೆ ಮಾಡಿಕೊಂಡಿದ್ದ. ಬಿತ್ತುವ ಕಾಲಕ್ಕೆ ತನ್ನ ಎತ್ತು ಕೊಡುತ್ತಿದ್ದ, ಕಚೇರಿಯ ಕೆಲಸವಿದ್ದರೆ ಅವಳ ಪರವಾಗಿ ಓಡಾಡುತ್ತಿದ್ದ. ಒಳ್ಳೆಯವನೇ.

"ನಿಮ್ಮ ಹೆಸರು ಅದರಿ ವೈನಿ. ನಾ ಕೇಳೀನಿ. ಸುಮ್ನ ಯಾಕ ತಲಿ ಕೆಡಿಸ್ಕೊಳ್ಳಾಕತ್ತೀರಿ?" ಎಂದ. ಅಂದವನು ಎತ್ತಿನ ಕೊಂಬಿಗೆ ಎಣ್ಣೆ ತಿಕ್ಕುತ್ತಲೇ ಇದ್ದ, ಮುಖ ಮೇಲೆತ್ತಲಿಲ್ಲ.

ಇನ್ನು ಎಂಟು ದಿನಕ್ಕೆ ಗುಲಬರ್ಗಾದ ಸಾಹೇಬರು ಊರ ಚಾವಡಿಗೆ ಬರುವವರಿದ್ದರು. ಪಟ್ಟಿಯ ಮೇಲೆ ಯಾರದಾದರೂ ತಕರಾರು ಇದ್ದರೆ ಅಂದೇ ಕೇಳಿ, ಅಂದೇ ಸಹಿ ಹಾಕಿ ಹೋಗುತ್ತಾರೆ. ಸಹಿ ಬಿದ್ದ ಮೇಲೆ ಪಟ್ಟಿ ಬದಲಾಗುವುದಿಲ್ಲ. ಶರಣಬಸಮ್ಮ ಎರಡು ರೊಟ್ಟಿ, ಒಂದಿಷ್ಟು ಶೇಂಗಾಹಿಂಡಿ ಗಂಟು ಕಟ್ಟಿಕೊಂಡು, ನಸುಕಿನಲ್ಲೇ ಹೊಳೆ ದಾಟಿ ಚಿತ್ತಾಪುರದ ದಾರಿ ಹಿಡಿದಳು.

ತಾಲೂಕು ಕಚೇರಿಯ ನಕಲು ವಿಭಾಗದ ಗೋಡೆಯ ಮೇಲೆ ದೊಡ್ಡ ಹಲಗೆಯೊಂದು ತೂಗುತ್ತಿತ್ತು. ಅದರ ತುಂಬ ಉರ್ದು. ಯಾವ ಕಾಗದ ನೋಡಲು ಎಷ್ಟು ದುಡ್ಡು ಅಂತ ಅದರಲ್ಲಿ ಬರೆದಿದೆಯೆಂದು ಜವಾನ ಹೇಳಿದ. ಹುಣಸಿಗುಂಡದಂಥ ಊರಿನವರಿಗೆ ಅದು ಗೋಡೆಯ ಅಂದಕ್ಕೆ ಹಾಕಿದ ಚಿತ್ತಾರವಿದ್ದ ಹಾಗೆ. ಹಲಗೆಯ ಕೆಳಗೆ ದಫ್ತರದ ಕಾರಕೂನ ಶೌಕತ ಅಲಿ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಮೂಗಿನ ತುದಿಗೆ ಇಳಿದ ಚಾಳೀಸಿನ ಕನ್ನಡಕ. ಮುಂದೆ ಅಂಕಲಿಪಿ ತೆರೆದುಕೊಂಡು ಕನ್ನಡದ ಅ, ಆ ತಿದ್ದುತ್ತಿದ್ದರು. ಇನ್ನು ಮೇಲೆ ಕಚೇರಿಯ ಬರವಣಿಗೆ ಕನ್ನಡಕ್ಕೆ ತಿರುಗುತ್ತದೆಂದು ಸುದ್ದಿಯಿತ್ತು. ಮಾತಾಡಲು ಬರುವ ಭಾಷೆಯನ್ನು ಬರೆಯಲು ಬಾರದೆ ಅವರಿಗೆ ನೌಕರಿಯ ಚಿಂತೆ ಹತ್ತಿತ್ತು.

"ಬರ್ರಿ ತಾಯಿ, ಕುಂದ್ರಿ. ಏನಾಗಬೇಕು?" ಎಂದರು.

ಅವಳು ಬಂದ ಕೆಲಸ ಹೇಳಿದಳು. ಶೌಕತ ಅಲಿ ಬೆರಳು ಮಡಚುತ್ತ ಲೆಕ್ಕ ಹೇಳಿದರು. "ನಕಲಿಗೆ ಅರ್ಜಿ ಹಾಕಬೇಕು. ಅರ್ಜಿ ಮ್ಯಾಲೆ ಒಂದು ರೂಪಾಯಿ ಟಿಕೀಟು. ಹುಡುಕಾಕ ಎಂಟಾಣೆ. ನೂರು ಮಾತು ಬರದ್ರ ನಾಲ್ಕಾಣೆ. ಉರ್ದು ಬಿಟ್ಟು ಕನ್ನಡಕ್ಕ ತರ್ಜುಮೆ ಬೇಕಂದ್ರ ಅದರ ದುಪ್ಪಟ್ಟು. ಹದಿನೈದು ದಿನದಾಗ ಕೈಗೆ ಬರತದ."

"ಎಂಟು ದಿನಕ್ಕ ಸಾಹೇಬ್ರು ಬರ್ತಾರಲ್ರಿ?"

"ಅದಕ್ಕ ನಾ ಏನು ಮಾಡ್ಲಿ ತಾಯಿ? ಇನ್ನೊಂದದ. ಪಟ್ಟಿಯೊಳಗ ನಿಮ್ಮದು ಎಷ್ಟನೇ ನಂಬರು ಅಂತ ಅರ್ಜಿಯೊಳಗ ಬರೀಬೇಕು."

"ಆ ನಂಬರು ಎಲ್ಲಿರತದ್ರಿ?"

"ಪಟ್ಟಿಯೊಳಗ."

ಶರಣಬಸಮ್ಮ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಆಮೇಲೆ ನಗೆ ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಶೌಕತ ಅಲಿ ಇಪ್ಪತ್ತೆಂಟು ವರ್ಷದಿಂದ ಇದೇ ಮಾತನ್ನು ಜನರಿಗೆ ಹೇಳುತ್ತ ಬಂದಿದ್ದರು. ಅದು ನಗುವಂಥ ಮಾತು ಅಂತ ಅವರಿಗೆ ಅಂದೇ ತಿಳಿದದ್ದು. ಅವರೂ ನಕ್ಕರು.

"ಆ ಹಲಗಿ ಮ್ಯಾಲೆ ಇರೋದ್ರಾಗ ಭಾಳ ಸೋವಿ ಯಾವುದದರಿ?" ಎಂದು ಅವಳು ಕೇಳಿದಳು. ಸಂತೆಯಲ್ಲಿ ಸೀರೆ ನೋಡುವಾಗ ಕೇಳುವ ಪ್ರಶ್ನೆ ಅದು. ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಶೌಕತ ಅಲಿ ಹೊರಳಿ ಹಲಗೆಯ ಕಟ್ಟಕಡೆಯ ಸಾಲು ನೋಡಿದರು. "ಮುಆಯಿನಾ. ಅಂದ್ರ ಇಲ್ಲೇ ನನ್ನ ಮುಂದ ಕುಂತು ನೋಡಿ ಹೋಗೋದು. ಒಂದು ತಾಸಿಗೆ ಆರಾಣೆ. ಕಾಗದ, ಪೆನ್ಸಿಲ್ ಒಳಗ ತರಂಗಿಲ್ಲ, ಏನೂ ಬರಕೊಳ್ಳಂಗಿಲ್ಲ."

"ನಂಬರು?"

"ನಂಬರು ಬ್ಯಾಡ. ಊರ ಹೆಸರು ಸಾಕು."

"ಮತ್ತ ಇದನ್ನ ಯಾರಿಗೂ ಯಾಕ ಹೇಳಂಗಿಲ್ರಿ?"

"ಯಾರೂ ಕೇಳಂಗಿಲ್ಲ ತಾಯಿ. ಓದಾಕ ಬರೋರು ನಕಲು ಒಯ್ತಾರ. ಓದಾಕ ಬರದೋರು ನೋಡಿ ಏನು ಮಾಡ್ತಾರ?"

ಅವಳು ಗಂಟು ಬಿಚ್ಚಿ ಆರಾಣೆ ಎಣಿಸಿಟ್ಟಳು. ಶೌಕತ ಅಲಿ ಕಪಾಟಿನಿಂದ ಕೆಂಪು ಬಟ್ಟೆ ಸುತ್ತಿದ ರಜಿಸ್ಟರ್ ತಂದು ಬಿಚ್ಚಿದರು. ಶರಣಬಸಮ್ಮ ಬಗ್ಗಿ ನೋಡಿದಳು. ಕಾಗದದ ತುಂಬ ಇರುವೆ ಸಾಲು. ಎಲ್ಲಿಂದ ಶುರು, ಎಲ್ಲಿ ಮುಗಿಯುತ್ತದೆ, ನಡುವಿನ ಈ ಚುಕ್ಕಿ ಯಾಕೆ ಅಂತ ಕೇಳಿದಳು. ಬಲದಿಂದ ಎಡಕ್ಕೆ ಓದುತ್ತಾರೆಂದು ತಿಳಿದು ಬೆರಗಾದಳು. ಹಾಗೇ ಐದು ನಿಮಿಷ ಹೋಯಿತು.

"ನೀವು ಓದ್ರಿ. ನಾ ಕೇಳ್ತೀನಿ," ಎಂದಳು.

ಶೌಕತ ಅಲಿಗೆ ಇದು ಹೊಸತು. ಕಾಯಿದೆಯ ಪುಸ್ತಕ ತೆಗೆದು ನೋಡಿದರು. ನೋಡಲು ಬಂದವರಿಗೆ ಓದಿ ಹೇಳಬೇಕು ಅಂತಲೂ ಇರಲಿಲ್ಲ, ಹೇಳಬಾರದು ಅಂತಲೂ ಇರಲಿಲ್ಲ. ಇಲ್ಲದ ಕಾಯಿದೆಯನ್ನು ಹುಟ್ಟಿಸಿ ಒಬ್ಬ ಹೆಣ್ಣುಮಗಳನ್ನು ಹಿಂದಕ್ಕೆ ಕಳಿಸುವ ಮನುಷ್ಯ ಅವರಲ್ಲ.

"ಆಯ್ತು. ಯಾರ ಹೆಸರು ಹುಡುಕಲಿ?"

"ನಮ್ಮ ಮನಿಯವರದು."

"ಅವರ ಹೆಸರು?"

ಶರಣಬಸಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ಆಯುಷ್ಯವೇ ಮುಗಿದ ಮೇಲೆ ಹೇಳಬಹುದೋ ಏನೋ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಾಲಿಗೆಗೆ ರೂಢಿಯಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಅವಳ ಬಾಯಿಂದ ಹೊರಬಿದ್ದಿರಲಿಲ್ಲ.

ಶೌಕತ ಅಲಿಗೆ ಅರ್ಥವಾಯಿತು. ಅವರ ಹೆಂಡತಿ ಜೈತುನ್ಬೀ ಕೂಡ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮನೆಯಲ್ಲಿ ಅವರ ಹೆಸರು "ಅಜೀ ಸುನೋ" ಎಂದೇ ಆಗಿತ್ತು.

"ಹಂಗಾದ್ರ ಮೊದಲಿಂದ ಓದ್ತೀನಿ. ನಿಮ್ಮವರ ಹೆಸರು ಬಂದಾಗ ಗೋಣು ಹಾಕ್ರಿ," ಎಂದು ಶುರುಮಾಡಿದರು.

ಒಂದನೇ ನಂಬರಿನಿಂದ ಅರವತ್ತನಾಲ್ಕರವರೆಗೆ ಇಡೀ ಹುಣಸಿಗುಂಡ ಅವಳ ಕಣ್ಣ ಮುಂದೆ ಸರಿದುಹೋಯಿತು. ಉಳುವವ ಯಾರು, ಧಣಿ ಯಾರು, ಎಕರೆ ಎಷ್ಟು, ಎಷ್ಟು ವರ್ಷದಿಂದ. ಶರಣಬಸಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವಳಿಗೆ ಅಕ್ಷರ ಬರದಿದ್ದರೂ ಕೇಳಿದ್ದು ಮರೆಯುತ್ತಿರಲಿಲ್ಲ. ಶ್ರಾವಣದಲ್ಲಿ ಮಠದ ಪುರಾಣ ನಡೆದಾಗ ಶಾಸ್ತ್ರಿಗಳು ಒಂದು ಸಾಲು ತಪ್ಪಿದರೆ ಹೆಂಗಸರ ಸಾಲಿನಿಂದ ಇವಳೇ ಎತ್ತಿಕೊಡುತ್ತಿದ್ದಳು. ಆದರೆ ಗೋಣು ಹಾಕುವ ಪ್ರಸಂಗ ಬರಲೇ ಇಲ್ಲ. ಅರವತ್ತನಾಲ್ಕು ಮುಗಿದಾಗ ಶೌಕತ ಅಲಿ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಬರಲಿಲ್ಲೇನು?"

"ಇಲ್ರಿ."

"ತಾಸು ಆಗಾಕ ಇನ್ನೂ ಹೊತ್ತದ. ಇನ್ನೊಮ್ಮೆ ಓದಲೇನು?"

"ಬ್ಯಾಡ್ರಿ. ಎಲ್ಲಾ ತಲಿಯಾಗ ಅದ."

ಅವರು ನಂಬದೆ ಇಪ್ಪತ್ತೇಳನೆಯದು ಯಾವುದು ಎಂದು ಕೇಳಿದರು. ಅವಳು ಹೇಳಿದಳು. ಐವತ್ತಮೂರು ಕೇಳಿದರು. ಅದನ್ನೂ ಹೇಳಿದಳು. ಶೌಕತ ಅಲಿ ಗಾಬರಿಯಿಂದ ಒಮ್ಮೆ ಬಾಗಿಲ ಕಡೆ ನೋಡಿದರು. ಹದಿನೈದು ದಿನದ, ಹತ್ತಿಪ್ಪತ್ತು ರೂಪಾಯಿಯ ನಕಲು ಆರಾಣೆಗೆ ಎದ್ದು ಹೊರಟಿತ್ತು.

"ಕಾಗದ, ಪೆನ್ಸಿಲ್ ತರಬಾರದು ಅಂತ ಅದ. ತಲಿ ಹೊರಗಿಟ್ಟು ಬರ್ರಿ ಅಂತ ಇಲ್ಲಲ್ರಿ," ಎಂದಳು ಶರಣಬಸಮ್ಮ. ನಕ್ಕು ಹೇಳಿದಳಾದರೂ ಎದೆಯೊಳಗೆ ಭಯ ಹೊಕ್ಕಿತ್ತು.

ಮರಳುವ ದಾರಿಯಲ್ಲಿ ಒಂದೊಂದೇ ಹೆಸರನ್ನು ಒಂದೊಂದು ಹೊಲದ ಮೇಲೆ ಇಡುತ್ತ ನಡೆದಳು. ಮಾವಿನತೋಪಿನಿಂದ ಶುರುಮಾಡಿ, ಹಳ್ಳ ದಾಟಿ, ಹೊಳೆಯ ದಂಡೆಗುಂಟ ಬಂದಳು. ಎಲ್ಲ ಹೆಸರಿಗೂ ಹೊಲ ಸಿಕ್ಕಿತು, ಐದು ಹೊಲಕ್ಕೆ ಹೆಸರು ಸಿಗಲಿಲ್ಲ. ಸೂಗಪ್ಪನ ಹೆಸರು ಮಾತ್ರ ಎರಡು ಸಲ ಇತ್ತು. ನಲವತ್ತೊಂದು, ನಾಲ್ಕೆಕರೆ. ಅದು ಅವನು ಉಳುವ ಹೊಲ, ಸರಿ. ನಲವತ್ತೆರಡು, ಆರೆಕರೆ, ಧಣಿ ಅಮೃತಪ್ಪ, ಊರು ಶಹಾಬಾದ. ಅವಳು ಅಲ್ಲೇ ನಿಂತುಬಿಟ್ಟಳು.

ಆಗ ಹೋದ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಹೆಸರು ಬರೆದುಕೊಳ್ಳಲು ಒಬ್ಬ ಗುಮಾಸ್ತೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಬಿಸಿಲು, ಅವನಿಗೆ ಅವಸರ. "ಈ ಹೊಲ ಯಾರು ಮಾಡ್ತಾರ?" ಎಂದು ಕೇಳಿದ. "ನಮ್ಮ ಮನಿಯವರು ಮಾಡ್ತಿದ್ರು, ಈಗ ನಾ ಮಾಡ್ತೀನಿ" ಎಂದಳು. ಮನೆಯವರ ಹೆಸರು ಕೇಳಿದ. ಅವಳು ಬದುವಿನ ಮೇಲೆ ಎತ್ತು ಹಿಡಿದು ನಿಂತಿದ್ದ ಮೈದುನನ ಕಡೆ ಬೆರಳು ಮಾಡಿ "ಅವನ ಅಣ್ಣಾರು" ಎಂದಳು. "ಅವನ ಹೆಸರೇನು?" ಎಂದ ಗುಮಾಸ್ತೆ. ಮೈದುನನ ಹೆಸರು ಹೇಳಲು ಅಡ್ಡಿಯೇನು? "ಸೂಗಪ್ಪ" ಎಂದಳು. ಕಾಗದಕ್ಕೆ ಒಂದು ಹೆಸರು ಬೇಕಿತ್ತು, ಆ ಹೊಲದಲ್ಲಿ ಬಾಯಿಬಿಟ್ಟು ಹೇಳಿದ ಹೆಸರು ಅದೊಂದೇ. ಗುಮಾಸ್ತೆ ಅದನ್ನೇ ಬರೆದುಕೊಂಡು ಮುಂದಿನ ಹೊಲಕ್ಕೆ ಹೋದ.

ಕೈಯಾರೆ ಕಳೆದುಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಹೊಳೆಯಲ್ಲಿ ನಿಂತು ಮುಖ ತೊಳೆದುಕೊಂಡು ಊರು ಸೇರಿದಳು.

ಮರುದಿನ ಬಾವಿಯ ಹತ್ತಿರ ನೆರೆಮನೆಯ ಚಂದಮ್ಮ ಸುಮ್ಮನೆ ಕೇಳಿದಳು, "ಯಕ್ಕಾ, ನಮ್ಮದೇನಾರ ಕಿವಿಗೆ ಬಿತ್ತೇನು?" ಶರಣಬಸಮ್ಮ ಅವಳ ನಂಬರು, ಎಕರೆ, ಧಣಿ ಎಲ್ಲ ಹೇಳಿದಳು. ಸಂಜೆಗೆ ಅವಳ ಅಂಗಳ ತುಂಬಿತು. ಕೇಳಿದವರಿಗೆಲ್ಲ ಪುಕ್ಕಟೆ ಹೇಳಿದಳು. ಐದು ಮನೆಯವರಿಗೆ ಹೆಸರು ಇಲ್ಲವೇ ಇಲ್ಲ ಅಂತ ತಿಳಿಯಿತು. ಅದರಲ್ಲಿ ಇಬ್ಬರು ತುಪ್ಪ ಕೊಟ್ಟವರು. ಗೋಪಾಲರಾಯರ ಕಟ್ಟೆಯ ಮುಂದೆ ಅಂದು ಜೋರು ಜೋರು ಮಾತು ಕೇಳಿಸಿತು.

ಸೂಗಪ್ಪ ಮಾತ್ರ ಮೂರು ದಿನ ಇತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಅವಳೇ ಅವನ ಹೊಲಕ್ಕೆ ಹೋದಳು.

"ನಿನಗ ಗೊತ್ತಿತ್ತೇನು ಸೂಗಪ್ಪ?"

ಅವನು ಕಳೆ ಕೀಳುವ ಕುರ್ಚಿಗೆಯ ಮಣ್ಣು ಕೆರೆದ. "ಮೊನ್ನಿ ಯುಗಾದಿಗೆ ತಿಳೀತರಿ."

"ಮತ್ತ ನನಗ ಅದ ಅದ ಅಂತಿದ್ದೆಲ್ಲಾ?"

"ನಾ ಏನು ಬರಿಸೀನೇನ್ರಿ ವೈನಿ? ಅದು ತಾನೇ ಆಗ್ಯದ. ಯಾರ ಹೆಸರಿದ್ರೇನು, ಮನಿಯಾಗೇ ಉಳೀತಲ್ಲ. ನೀವು ಇರೋ ತನಕ ನೀವೇ ಮಾಡ್ರಿ. ನಿಮ್ಮನ್ನ ಎಬ್ಬಸ್ತೀನೇನು ನಾ?"

"ಎಬ್ಬಸಲಿಕ್ಕಿಲ್ಲ. ಆದ್ರ ನೀ ಎಬ್ಬಸಲಿಲ್ಲ ಅಂತ ನಾ ದಿನಾ ನಿನ್ನ ಉಪಕಾರ ನೆನೀಬೇಕಲ್ಲ?"

ಅವನು ಮತ್ತೆ ಕಳೆ ಕೀಳಲು ಬಗ್ಗಿದ. ಮೂರು ಗಂಡುಮಕ್ಕಳ ತಂದೆ, ನಾಲ್ಕೆಕರೆಯ ಕೌಲುದಾರ. ಆರೆಕರೆ ಬೇಡದೆಯೇ ಮಡಿಲಿಗೆ ಬಿದ್ದಿತ್ತು. ಅವನ ಮನಸ್ಸು ಎತ್ತ ಜಗ್ಗುತ್ತಿದೆ ಅಂತ ಅವಳಿಗೆ ಕಾಣುತ್ತಿತ್ತು. ಅವಳು ಬಂದ ದಾರಿಯಲ್ಲೇ ಮರಳಿದಳು.

ಸಾಹೇಬರು ಹೇಳಿದ ದಿನವೇ ಬಂದರು. ಹರೆಯದವರು, ಕನ್ನಡ ಬಲ್ಲವರು. ಜೊತೆಗೆ ರಜಿಸ್ಟರ್ ಹೊತ್ತು ಶೌಕತ ಅಲಿಯೂ ಟಾಂಗಾದಿಂದ ಇಳಿದರು. ಚಾವಡಿ ತುಂಬಿ ಹೊರಗೆ ಬೇವಿನ ಗಿಡದ ತನಕ ಜನ. ಹೆಂಗಸರು ಅಲ್ಲಿಗೆ ಬರುವ ರೂಢಿ ಇರಲಿಲ್ಲ. ಶರಣಬಸಮ್ಮ ಬಂದು ಕಂಬದ ಹತ್ತಿರ ನಿಂತಳು.

ಅವಳ ಸರದಿ ಬಂದಾಗ ಸಾಹೇಬರು ಕೇಳಿದರು, "ತಕರಾರಿಗೆ ನಕಲು ಎಲ್ಲಿದೆಯಮ್ಮ?"

"ನಕಲಿಲ್ರಿ. ನೋಡಿ ಬಂದೀನಿ."

"ಓದಲಿಕ್ಕೆ ಬರ್ತದೇನು?"

"ಇಲ್ರಿ."

ಚಾವಡಿಯಲ್ಲಿ ನಗೆಯೆದ್ದಿತು. ಶರಣಬಸಮ್ಮ ನಗೆ ನಿಲ್ಲುವ ತನಕ ಕಾಯ್ದಳು. ಆಮೇಲೆ ನಲವತ್ತೆರಡನೆಯ ನಂಬರನ್ನು ಮೊದಲಿನಿಂದ ಕಡೆಯ ತನಕ ಹೇಳಿದಳು. ಸಾಹೇಬರು ರಜಿಸ್ಟರ್ ಕಡೆ ಬೆರಳು ತೋರಿಸಿದರು. ಶೌಕತ ಅಲಿ ಓದಿದರು. ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಸರಿದು ಕೂತರು.

"ಇದು ತಪ್ಪು ಅಂತೀಯಾ?"

"ತಪ್ಪದರಿ. ಹೊಲ ನಮ್ಮ ಮನಿಯವರು ಹನ್ನೆರಡು ವರ್ಷ ಮಾಡ್ಯಾರ. ಆಮ್ಯಾಲೆ ನಾ ಮಾಡೀನಿ."

"ನಿಮ್ಮ ಮನೆಯವರ ಹೆಸರು?"

ಗೋಪಾಲರಾಯರು ಮುಸಿನಗುತ್ತ ಹೇಳಿದರು, "ಇಲ್ಲಿ ಹೆಣ್ಮಕ್ಕಳು ಗಂಡನ ಹೆಸರು ಹೇಳಂಗಿಲ್ರಿ ಸಾಹೇಬ್ರ."

"ತಕರಾರು ತಂದವರೇ ತಮ್ಮ ಬಾಯಿಂದ ಹೇಳಬೇಕು. ಇಲ್ಲಾಂದ್ರೆ ನಾನು ಬರೆದುಕೊಳ್ಳೋ ಹಾಗಿಲ್ಲ." ಸಾಹೇಬರು ಸೂಗಪ್ಪನ ಕಡೆ ತಿರುಗಿದರು. "ನಿನ್ನ ಹೆಸರಿಗಿದೆ. ನೀನೇನು ಹೇಳ್ತೀಯಪ್ಪ?"

ಸೂಗಪ್ಪ ಎದ್ದು ನಿಂತ. ತಲೆ ಎತ್ತಲಿಲ್ಲ. "ಕಾಗದದಾಗ ಹೆಂಗದನೋ ಹಂಗ್ರಿ," ಎಂದ.

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಮನೆಯ ಜಗಳದ ನಡುವೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಸಾಹೇಬರು ಇನ್ನೊಂದು ಗಳಿಗೆ ಕಾಯ್ದು, ಪೆನ್ನನ್ನು ದೌತಿಯಲ್ಲಿ ಅದ್ದಿದರು.

"ಗೊಲ್ಲಾಳಪ್ಪ," ಎಂದಳು ಶರಣಬಸಮ್ಮ.

ಅರ್ಧ ಹೆಸರಷ್ಟೇ ಕೇಳಿಸಿತು. ಸಾಹೇಬರು ಕೈ ತಡೆದು, "ಇನ್ನೊಮ್ಮೆ ಹೇಳಮ್ಮ," ಎಂದರು.

"ಗೊಲ್ಲಾಳಪ್ಪ!" ಈ ಸಲ ಬೇವಿನ ಗಿಡದ ಕೆಳಗಿನವರಿಗೂ ಕೇಳಿಸಿತು. "ನನ್ನ ಗಂಡನ ಹೆಸರು ಗೊಲ್ಲಾಳಪ್ಪ. ಬನ್ನಿಗಿಡದ ಹೊಲ ಗೊಲ್ಲಾಳಪ್ಪ ಮಾಡ್ತಿದ್ದ. ನಾ ಅವನ ಹೆಂಡ್ತಿ ಶರಣಬಸಮ್ಮ."

ಗೊಲ್ಲಾಳಪ್ಪನ ಅಪ್ಪ ಅವ್ವ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅವನು ಸತ್ತ ಮೇಲಂತೂ ಅದು ಯಾರ ಬಾಯಲ್ಲೂ ಬಂದಿರಲಿಲ್ಲ. ಸೂಗಪ್ಪ ತಟ್ಟನೆ ತಲೆ ಎತ್ತಿ ಬಾಗಿಲ ಕಡೆ ನೋಡಿದ, ಯಾರೋ ಬಂದರೇನೋ ಅನ್ನುವ ಹಾಗೆ. ಯಾರೂ ಇರಲಿಲ್ಲ.

"ಹೌದ್ರಿ ಸಾಹೇಬ್ರ," ಎಂದ. "ಹೊಲ ನಮ್ಮಣ್ಣಂದೇ. ನಂದಲ್ಲ." ಅಂದವನು ಅಲ್ಲೇ ಕುಕ್ಕರಿಸಿ, ಎಲ್ಲರ ಮುಂದೆ, ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸಾಹೇಬರು ನಲವತ್ತೆರಡರ ಮೇಲೆ ಗೀಟು ಎಳೆಸಿ ಹೊಸದಾಗಿ ಬರೆಯಲು ಹೇಳಿದರು. ಶೌಕತ ಅಲಿ ಮಂಡಿಯ ಮೇಲೆ ರಜಿಸ್ಟರ್ ಇಟ್ಟುಕೊಂಡು ನಿಧಾನವಾಗಿ ಬರೆದರು. ಶರಣಬಸಮ್ಮ ಕಂಬ ಬಿಟ್ಟು ಅವರ ಹತ್ತಿರ ಬಂದು ನಿಂತಳು.

"ಬರಕೊಂಡ್ರಿ?"

"ಬರಕೊಂಡೆ ತಾಯಿ."

"ಓದ್ರಿ ನೋಡೋಣು."

"ನಂಬರು ನಲವತ್ತೆರಡು. ಶರಣಬಸಮ್ಮ, ಗಂಡ ಗೊಲ್ಲಾಳಪ್ಪ. ಆರೆಕರೆ."

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂದೇ ಸಲ ಕೇಳಿದ್ದು ಎಂದೂ ಮರೆಯದವಳು, "ಇನ್ನೊಮ್ಮೆ ಓದ್ರಿ," ಎಂದಳು.

ಶೌಕತ ಅಲಿ ಇನ್ನೊಮ್ಮೆ ಓದಿದರು. ಫೀಸು ಕೇಳಲಿಲ್ಲ.